ನೀರು 88 ಡಿಗ್ರಿಗೇ ಕುದಿಯುವ ಊರಿನಲ್ಲಿ ಊಟ: ಲೇಹ್ ಪ್ರವಾಸ

ಮೊದಲ ದಿನ: ಸಾರು, ನಿದ್ದೆ, ಮತ್ತೆ ಸಾರು

ದೆಹಲಿಯಿಂದ ಲೇಹ್‌ಗೆ ಹಾರುವ ವಿಮಾನಗಳು ಬಹುತೇಕ ಬೆಳಗಿನವೇ. ಹೊತ್ತೇರಿದಂತೆ ಸಿಂಧೂ ಕಣಿವೆಯಲ್ಲಿ ಗಾಳಿಯ ಅಬ್ಬರ ಶುರುವಾಗುತ್ತದೆ, ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗಿ ವಿಮಾನ ಮೇಲೇರುವುದೂ ಕಷ್ಟ. ಹಾಗಾಗಿ ಒಂಬತ್ತು ಹತ್ತು ಗಂಟೆಯೊಳಗೆ ಕೋಣೆ ಸೇರಿರುತ್ತೀರಿ. ಊರು ಸುತ್ತಲು ಇಡೀ ದಿನ ಸಿಕ್ಕಿತೆಂದು ಹೊರಟವರೇ ಸಂಜೆ ತಲೆನೋವೆಂದು ಮುಸುಕೆಳೆದು ಮಲಗುವುದು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟಿರುತ್ತದೆ, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ.

ಇದೇ ಒತ್ತಡ ಅಡುಗೆಮನೆಯನ್ನೂ ಆಳುತ್ತದೆ. ಇಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 88ರ ಆಸುಪಾಸಿನಲ್ಲಿ. ಉರಿ ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು, ಆವಿಯಾಗಿ ಹೋಗುತ್ತದೆ ಅಷ್ಟೇ. ತೆರೆದ ಪಾತ್ರೆಯಲ್ಲಿ ಬೇಳೆ ಗಂಟೆಗಟ್ಟಲೆ ಕುದ್ದರೂ ನಡುವೆ ಗಟ್ಟಿ ಉಳಿಯುತ್ತದೆ. ಅನ್ನದ ಅಗುಳು ಹೊರಗೆ ಮೆತ್ತಗೆ, ಒಳಗೆ ನುಚ್ಚು. ಕುಕ್ಕರ್ ಇದ್ದರೆ ಒಳಗಿನ ಶಾಖ 115 ಡಿಗ್ರಿಯವರೆಗೆ ಏರುತ್ತದೆ, ಆದ್ದರಿಂದ ರಾಜ್ಮಾ, ಕಡಲೆ, ದಾಲ್ ಎಲ್ಲ ಕುಕ್ಕರಿನದೇ ಆಗಿರಬೇಕು. ಲಡಾಖಿನ ಹಳೆಯ ಅಡುಗೆಯಾದರೋ ಕುಕ್ಕರ್ ಬರುವ ಮುಂಚಿನದು, ಸೌದೆಯೂ ಸಿಗದ ನಾಡಿನದು. ಮೊದಲೇ ಹುರಿದು ಬೀಸಿದ ಹಿಟ್ಟು, ತೆಳ್ಳಗೆ ಚಪ್ಪಟೆ ಮಾಡಿದ ಕಣಕ, ಹುಳಿ ಬರಿಸಿ ಸುಟ್ಟ ರೊಟ್ಟಿ: ಎಲ್ಲವೂ 88 ಡಿಗ್ರಿಯ ತೊಡಕಿಗೆ ದಾರಿ ಕಂಡುಕೊಂಡ ತಿನಿಸುಗಳು. ಲೇಹ್‌ನಲ್ಲಿ ಚೆನ್ನಾಗಿ ಉಣ್ಣಬೇಕೆಂದರೆ ಅನ್ನ ಬೇಳೆಯ ಹಟ ಬಿಟ್ಟು ಇವುಗಳ ಕಡೆ ಹೋಗುವುದೇ ಜಾಣತನ.

ಆದರೆ ಮೊದಲ ದಿನ ಎಲ್ಲವನ್ನೂ ತಿನ್ನುವಂತಿಲ್ಲ. ಎತ್ತರಕ್ಕೆ ಹಸಿವು ತಾನಾಗಿ ಕುಗ್ಗುತ್ತದೆ, ಜಿಡ್ಡು ನಿಧಾನಕ್ಕೆ ಅರಗುತ್ತದೆ. ಬೆಳಿಗ್ಗೆ ಎರಡು ಟೋಸ್ಟ್, ತೆಳು ಚಹಾ ಸಾಕು. ಮಧ್ಯಾಹ್ನ ತಂಗಿದ ಮನೆಯಲ್ಲೇ ಥೆಂತುಕ್ ಕೇಳಿ. ಹಿಟ್ಟಿನ ಪಟ್ಟಿಯನ್ನು ಕೈಯಲ್ಲಿ ಎಳೆದು, ಹೆಬ್ಬೆರಳಿನಗಲದ ತುಂಡುಗಳಾಗಿ ಹರಿದು, ಕುದಿಯುವ ಸಾರಿಗೆ ಹಾಕುತ್ತಾರೆ. ತೆಳ್ಳಗಿರುವುದರಿಂದ ಐದಾರು ನಿಮಿಷಕ್ಕೆ ಬೇಯುತ್ತದೆ. ಥುಕ್ಪಾ ಎಂದರೆ ಉದ್ದ ನೂಡಲ್ಸಿನದು, ಅದೂ ಆದೀತು. ನೀರು, ಉಪ್ಪು, ಹಿಟ್ಟು ಮೂರೂ ಒಂದೇ ಬಟ್ಟಲಲ್ಲಿ ಸಿಗುವ ಇಂಥ ಊಟ ಮೊದಲ ದಿನದ ದೇಹಕ್ಕೆ ಹೇಳಿ ಮಾಡಿಸಿದ್ದು. ಸಸ್ಯಾಹಾರಿಗಳು ಒಂದು ಮಾತು ಮರೆಯಬಾರದು: ತರಕಾರಿ ಥುಕ್ಪಾ ಎಂದು ಬರೆದಿದ್ದರೂ ಸಾರು ಮೂಳೆಯದಾಗಿರಬಹುದು. 'ವೆಜ್ ಹೈ ಕ್ಯಾ' ಎಂದು ಕೇಳಿದರೆ ಹೂಂ ಎನ್ನುತ್ತಾರೆ, ಏಕೆಂದರೆ ಮೇಲೆ ಕಾಣುವುದು ತರಕಾರಿಯೇ. 'ಸೂಪ್ ಹಡ್ಡೀ ಕಾ ಹೈ ಕ್ಯಾ' ಎಂದೇ ಕೇಳಬೇಕು.

ಬೆಳ್ಳುಳ್ಳಿ ಸೂಪ್ ಕುಡಿದರೆ ಎತ್ತರ ತಾಗದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಸೂಪಿನ ನೀರು, ಉಪ್ಪು ಒಳ್ಳೆಯದೇ. ಬೆಳ್ಳುಳ್ಳಿಯನ್ನು ಔಷಧವೆಂದು ನಂಬಿ ಮೆಟ್ಟಿಲು ಹತ್ತಲು ಹೊರಡಬೇಡಿ. ವೈದ್ಯರ ಸಲಹೆಯಂತೆ ಎತ್ತರದ ಕಾಯಿಲೆ ತಡೆಯುವ ಗುಳಿಗೆ ಅಸಿಟಜೋಲಮೈಡ್ ತೆಗೆದುಕೊಳ್ಳುವವರು (ಸಾಮಾನ್ಯವಾಗಿ 125 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಹೊರಡುವ ಹಿಂದಿನ ದಿನದಿಂದ) ಎರಡು ಸಂಗತಿ ತಿಳಿದಿರಲಿ. ಮೂತ್ರ ಹೆಚ್ಚಾಗುವುದರಿಂದ ನೀರು ಹೆಚ್ಚು ಬೇಕು. ಸೋಡಾ, ಕೋಲಾ ಕುಡಿದರೆ ಗುಳ್ಳೆ ಸತ್ತು ಸಪ್ಪೆಯಾದಂತೆ ಅನ್ನಿಸುತ್ತದೆ. ಅದು ಗುಳಿಗೆಯ ಗುಣ, ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುವ ವಿಷಯವಲ್ಲ. ಸಲ್ಫಾ ಔಷಧ ಒಗ್ಗದವರು ವೈದ್ಯರಿಗೆ ಅದನ್ನು ಮೊದಲೇ ಹೇಳಬೇಕು.

ರಾತ್ರಿ ಏಳರೊಳಗೆ ಇನ್ನೊಂದು ಬಟ್ಟಲು ಸಾರು, ಅರ್ಧ ಹೊಟ್ಟೆ. ಮೊದಲ 48 ಗಂಟೆ ಮದ್ಯ ಬೇಡವೇ ಬೇಡ. ತಲೆನೋವಿನ ಜೊತೆ ವಾಂತಿ, ನಡೆಯುವಾಗ ತೂರಾಟ, ಸುಮ್ಮನೆ ಕೂತಾಗಲೂ ಏದುಸಿರು ಕಂಡರೆ ಅಜೀರ್ಣವೆಂದು ಸುಮ್ಮನಿರದೆ ನೇರ ಲೇಹ್‌ನ ಸರ್ಕಾರಿ ಎಸ್‌ಎನ್‌ಎಂ ಆಸ್ಪತ್ರೆಗೆ ಹೋಗಬೇಕು.

ಎರಡನೇ ದಿನ: ಮಸೀದಿ ಹಿಂದಿನ ತಂದೂರುಗಳು

ಬೆಳಿಗ್ಗೆ ತಲೆ ಹಗುರವಾಗಿದ್ದರೆ ಮೇನ್ ಬಜಾರಿಗೆ ಇಳಿಯಬಹುದು. ವಾಹನ ಬಿಡದ ಕಲ್ಲುಹಾಸಿನ ಬೀದಿ, ತಲೆ ಎತ್ತಿದರೆ 17ನೇ ಶತಮಾನದಲ್ಲಿ ಲಡಾಖಿನ ದೊರೆ ಸೆಂಗೆ ನಂಗ್ಯಾಲ್ ಕಟ್ಟಿಸಿದ ಒಂಬತ್ತು ಅಂತಸ್ತಿನ ಅರಮನೆ. ಬೀದಿಯ ಮೇಲಿನ ತುದಿಯಲ್ಲಿ ಜಾಮಾ ಮಸೀದಿ. ಅದರ ಹಿಂದಿನ ಓಣಿಗೆ ಹೊಕ್ಕರೆ ಸಾಲಾಗಿ ರೊಟ್ಟಿ ಅಂಗಡಿಗಳು, ನೆಲಕ್ಕೆ ಹೂತ ತಂದೂರುಗಳು. ಯಾರ್ಕಂದ್, ಕಾಶ್ಮೀರ, ಟಿಬೆಟ್ ಕಡೆಯ ವರ್ತಕರು ಲೇಹ್‌ನಲ್ಲಿ ಸೇರುತ್ತಿದ್ದ ಕಾಲದ ರುಚಿ ಉಳಿದಿರುವ ಜಾಗಗಳಲ್ಲಿ ಇದೊಂದು.

ಇಲ್ಲಿ ಹೊತ್ತೇ ಮುಖ್ಯ. ಬೆಳಿಗ್ಗೆ ಬೇಗ ಒಂದು ಸುತ್ತು, ಸಂಜೆ ಚಹಾದ ಮುಂಚೆ ಇನ್ನೊಂದು ಸುತ್ತು ರೊಟ್ಟಿ ಸುಡುತ್ತಾರೆ. ನಡುಮಧ್ಯಾಹ್ನ ಹೋದರೆ ಸಿಗುವುದು ಬೆಳಗಿನ ಮಿಕ್ಕಿದ್ದು. ಲೇಹ್‌ನ ಗಾಳಿಯಲ್ಲಿ ತೇವವೇ ಇಲ್ಲ. ತಂದೂರಿನಿಂದ ತೆಗೆದ ರೊಟ್ಟಿ ಬಟ್ಟೆಯಲ್ಲಿ ಸುತ್ತದಿದ್ದರೆ ಒಂದೆರಡು ಗಂಟೆಯಲ್ಲಿ ಹಪ್ಪಳದಷ್ಟು ಗಡುಸಾಗುತ್ತದೆ. ಸ್ಥಳೀಯರು ಬಟ್ಟೆಚೀಲ ತಂದೇ ಕೊಳ್ಳುತ್ತಾರೆ. ನೀವೂ ಒಂದನ್ನು ಹಿಡಿದುಕೊಳ್ಳಿ. ಊರಿನ ಮಹಿಳೆಯರ ಒಕ್ಕೂಟ 1990ರ ದಶಕದಲ್ಲೇ ಹೋರಾಡಿ ಪ್ಲಾಸ್ಟಿಕ್ ಚೀಲವನ್ನು ದೂರವಿಟ್ಟ ಬಜಾರು ಇದು.

ತಂದೂರಿನ ಗಿರ್ದಾ ಮೈದಾದ್ದು, ಬೆರಳಿನ ಗುರುತುಳ್ಳದ್ದು. ಬಿಸಿಯಿದ್ದಾಗ ಬೆಣ್ಣೆ ಸವರಿ ಅಲ್ಲೇ ತಿನ್ನಬೇಕು. ಲಡಾಖಿಗಳ ಸ್ವಂತ ರೊಟ್ಟಿ ಖಂಬೀರ್. ಇಡೀ ಗೋಧಿಯ ಹಿಟ್ಟು, ರಾತ್ರಿಯಿಡೀ ಹುಳಿ ಬಂದದ್ದು, ಅಂಗೈಯಷ್ಟು ದಪ್ಪದ ಬಿಲ್ಲೆ. ಮೊದಲು ಕಾದ ಕಲ್ಲು ಇಲ್ಲವೇ ಕಾವಲಿಯ ಮೇಲೆ ಎರಡೂ ಬದಿ ಗಟ್ಟಿಯಾಗುವಷ್ಟು ಬೇಯಿಸಿ, ಆಮೇಲೆ ಕೆಂಡದ ಪಕ್ಕಕ್ಕೆ ನಿಲ್ಲಿಸಿ ಒಳಗಿನವರೆಗೆ ಸುಡುತ್ತಾರೆ. ಸಿಪ್ಪೆ ಗಟ್ಟಿ, ಒಳಗೆ ಮೆದು, ಸಣ್ಣ ಹುಳಿ. ಒಳ್ಳೆಯದೋ ಅಲ್ಲವೋ ತಿಳಿಯಲು ಮುರಿದು ನೋಡಿ. ನಡುವೆ ಅಂಟಂಟು ಗೆರೆ ಇದ್ದರೆ ಹಿಟ್ಟು ಸರಿಯಾಗಿ ಹುಳಿ ಬಂದಿಲ್ಲ ಅಥವಾ ಕೆಂಡದ ಪಕ್ಕ ಸಾಕಷ್ಟು ಹೊತ್ತು ಇಟ್ಟಿಲ್ಲ. ಚಳಿಯ ರಾತ್ರಿಗಳಲ್ಲಿ ಹಿಟ್ಟು ನಿಧಾನಕ್ಕೆ ಏಳುತ್ತದೆ, ಬೆಚ್ಚಗಿನ ಅಡುಗೆಮನೆಯಲ್ಲಾದರೆ ಕಡಿಮೆ ಒತ್ತಡಕ್ಕೆ ಬೇಗ ಉಬ್ಬಿ ಕುಸಿದೂ ಬಿಡುತ್ತದೆ. ಬೇಕರಿಯವರ ಕೈಚಳಕವೆಲ್ಲ ಈ ಎರಡರ ನಡುವೆ. ಜೊತೆಗೆ ಜರದಾಳು (ಏಪ್ರಿಕಾಟ್) ಜಾಮ್, ಬೆಣ್ಣೆ, ಮೊಟ್ಟೆ ಯಾವುದಾದರೂ ಸರಿ. ಖಂಬೀರ್ ಎರಡು ಮೂರು ದಿನ ಕೆಡುವುದಿಲ್ಲ, ಆದ್ದರಿಂದ ನಾಲ್ಕನೇ ದಿನದ ಆಲ್ಚಿ ದಾರಿಗೆ ಬುತ್ತಿಯಾಗಿ ಇಂದೇ ಎರಡು ಕೊಂಡಿಟ್ಟರೂ ನಡೆಯುತ್ತದೆ.

ಇದರ ಜೊತೆಗಾತಿ ಗುರ್‌ಗುರ್ ಚಾ. ಸಿಹಿ ಚಹಾ ಎಂದುಕೊಂಡು ಗುಟುಕಿಸಿದವರು ಮುಖ ಸಿಂಡರಿಸುತ್ತಾರೆ. ಉಪ್ಪು, ಬೆಣ್ಣೆ ಹಾಕಿದ ಸಾರು ಎಂದುಕೊಂಡು ಕುಡಿದರೆ ಎರಡನೇ ಬಟ್ಟಲೂ ಬೇಕೆನಿಸುತ್ತದೆ. ನಾಲ್ಕು ಬಟ್ಟಲಿಗೆ ಮುಕ್ಕಾಲು ಲೀಟರ್ ನೀರು, ಒಂದು ಚಮಚ ಹಸಿರು ಚಹಾ ಎಲೆ, ಚಿಟಿಕೆ ಅಡುಗೆ ಸೋಡಾ ಹಾಕಿ ಕಷಾಯ ಕಡುಗೆಂಪಾಗುವವರೆಗೆ ಕುದಿಸುತ್ತಾರೆ. ಹಳ್ಳಿಗಳಲ್ಲಿ ಈ ಸೋಡಾ ನೆಲದಲ್ಲಿ ಸಿಗುವ ಪುಲ್ ಎಂಬ ಕ್ಷಾರ. 88 ಡಿಗ್ರಿಯಲ್ಲಿ ಎಲೆ ಬಣ್ಣ ಬಿಡುವುದು ನಿಧಾನ, ಆ ಕೆಲಸವನ್ನು ಸೋಡಾ ಬೇಗ ಮಾಡಿಸುತ್ತದೆ. ಬಳಿಕ ಅರ್ಧ ಚಮಚ ಉಪ್ಪು, ಅರ್ಧ ಬಟ್ಟಲು ಹಾಲು, ದೊಡ್ಡ ಚಮಚ ಬೆಣ್ಣೆ ಸೇರಿಸಿ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಾರೆ. ಈಗ ಹಲವು ಮನೆಗಳಲ್ಲಿ ಮಿಕ್ಸಿ ಬಂದಿದೆ, ರುಚಿಗೇನೂ ಕುಂದಿಲ್ಲ. ಕೆಡುವುದು ಒಂದೇ ಕಡೆ: ಕಷಾಯ ಆರಿದ ಮೇಲೆ ಕಡೆದರೆ ಬೆಣ್ಣೆ ಬೆರೆಯದೆ ಮೇಲೆ ತೇಲುತ್ತದೆ, ತುಟಿಗೆ ಅಂಟುತ್ತದೆ. ಮನೆಗಳಲ್ಲಿ ಕುಡಿದಷ್ಟೂ ತುಂಬುತ್ತಲೇ ಇರುತ್ತಾರೆ. ಸಾಕೆಂದರೆ ಬಟ್ಟಲನ್ನು ತುಂಬಿದ ಹಾಗೇ ಬಿಟ್ಟು, ಹೊರಡುವಾಗ ಒಂದು ಗುಟುಕು ಕುಡಿದು ಏಳುವುದು ರೂಢಿ. ಅಂಗಡಿಯ, ಮನೆಯ ಹಿರಿಯ ಹೆಣ್ಣುಮಕ್ಕಳನ್ನು 'ಆಚೇ-ಲೇ', ವಯಸ್ಸಾದವರನ್ನು 'ಆಮಾ-ಲೇ' ಎಂದು ಕರೆದು 'ಜುಲೇ' (ನಮಸ್ಕಾರ) ಎಂದರೆ ಸಾಕು, ಮಾತು ಸಲೀಸಾಗಿ ಸಾಗುತ್ತದೆ.

ಮಧ್ಯಾಹ್ನಕ್ಕೆ ಮೋಮೋ. ಲಡಾಖಿನಲ್ಲಿ ಮೊಕ್‌ಮೊಕ್ ಎಂದೂ ಅನ್ನುತ್ತಾರೆ. ಇಲ್ಲಿ ಹಬೆಯೂ 88 ಡಿಗ್ರಿಯದೇ ಆದ್ದರಿಂದ ಕೆಳನಾಡಿನಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುವ ಮೋಮೋ ಇಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೇಳುತ್ತದೆ. ಜನ ತುಂಬಿದ ಜುಲೈ ಮಧ್ಯಾಹ್ನಗಳಲ್ಲಿ ಅವಸರಕ್ಕೆ ತೆಗೆದ ಮೋಮೋ ಮೊದಲು ಸೋಲುವುದು ಮಡಿಕೆ ಕೂಡುವ ನೆತ್ತಿಯಲ್ಲಿ. ಅಲ್ಲಿ ಹಿಟ್ಟು ದಪ್ಪ, ಬಿಳಿಯಾಗಿ ಹಸಿ ಉಳಿದಿರುತ್ತದೆ. ಒಂದನ್ನು ನೆತ್ತಿಯಿಂದ ಸೀಳಿ ನೋಡಿ. ಹಸಿಯಿದ್ದರೆ ಮತ್ತೈದು ನಿಮಿಷ ಹಬೆಗಿಡಲು ಹೇಳಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ. ಮಾಂಸದ ಮೋಮೋ ಆದರಂತೂ ಇದು ಕಡ್ಡಾಯ. ಟಿಬೆಟನ್ನರ ಟಿಂಗ್ಮೋ ಇನ್ನೊಂದು ಒಳ್ಳೆಯ ಆಯ್ಕೆ. ಒಳಗೆ ಏನೂ ತುಂಬದ, ಪದರಪದರದ ಹಬೆ ಬನ್ನು, ತರಕಾರಿ ಗೊಜ್ಜಿನ ಜೊತೆ. ಕೆಂಪು ಚಟ್ನಿಯನ್ನು ಮಾತ್ರ ಚಮಚದ ತುದಿಯಲ್ಲಿ ಮುಟ್ಟಿ ನೋಡಿ ಆಮೇಲೆ ಬಡಿಸಿಕೊಳ್ಳಿ.

ನೀರಿನ ವಿಷಯ. ಲೇಹ್ ಬೇಗ ಬೆಳೆದ ಊರು, ಹೋಟೆಲುಗಳ ಇಂಗುಗುಂಡಿಗಳಿಂದ ಅಂತರ್ಜಲ ಕೆಟ್ಟಿರುವುದು ಅಲ್ಲಿನವರಿಗೇ ಚಿಂತೆಯ ಸಂಗತಿ. ನಲ್ಲಿ ನೀರು, ಹಸಿ ಸಲಾಡ್, ಸಿಪ್ಪೆ ಸುಲಿಯದ ಹಣ್ಣು ಬೇಡ. ಕುದಿಸಿದ ನೀರು ಸುರಕ್ಷಿತವೇ, ಆದರೆ ಈ ಎತ್ತರದಲ್ಲಿ ಗುಳ್ಳೆ ಎದ್ದ ಮೇಲೆ ಮೂರು ನಿಮಿಷ ಕುದಿಸಬೇಕು. ಬಾಟಲಿಗೆ ಶುದ್ಧ ನೀರು ತುಂಬಿಕೊಡುವ ಕಡೆಗಳು ಬಜಾರಿನಲ್ಲಿವೆ, ಪ್ರತಿಸಲ ಹೊಸ ಪ್ಲಾಸ್ಟಿಕ್ ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಬೇರೆ ರಾಜ್ಯದ ಪ್ರೀಪೇಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಡ್ ನಡೆಯುತ್ತದೆ. ಹಾಗಾಗಿ ಯುಪಿಐ ನೆಚ್ಚಿ ಉಣ್ಣಲು ಕೂರುವ ಮುಂಚೆ ಜೇಬಿನಲ್ಲಿ ನಗದು ಇದೆಯೇ ನೋಡಿಕೊಳ್ಳಿ.

ಮೂರನೇ ದಿನ: ಸ್ಕ್ಯೂ, ಚುತಾಗಿ, ಪಾಬಾ

ಈ ಹೊತ್ತಿಗೆ ಹಸಿವು ಮರಳಿರುತ್ತದೆ. ಲಡಾಖಿನ ನಿಜವಾದ ಊಟಕ್ಕೆ ಇದೇ ತಕ್ಕ ದಿನ. ಒಂದು ತೊಡಕಿದೆ. ಪ್ರವಾಸಿಗಳು ತುಂಬಿರುವ ಚಾಂಗ್ಸ್ಪಾ, ಫೋರ್ಟ್ ರೋಡಿನ ಮೆನುಗಳಲ್ಲಿ ಪಿಜ್ಜಾ, ಇಸ್ರೇಲಿ ತಟ್ಟೆ, ಬಟರ್ ಚಿಕನ್ ಎಲ್ಲ ಇರುತ್ತವೆ, ಲಡಾಖಿ ಅಡುಗೆ ಕೊನೆಯ ಪುಟದ ಎರಡು ಸಾಲು. ಅದನ್ನೂ ಕೇಳಿದರೆ 'ಇವತ್ತಿಲ್ಲ' ಎನ್ನುವುದುಂಟು. ಕಾರಣ ಸರಳ: ಸ್ಕ್ಯೂಗೆ ಗಂಟೆಗೂ ಹೆಚ್ಚು ಹೊತ್ತು ಬೇಕು, ಗಿರಾಕಿಗೆ ಹತ್ತು ನಿಮಿಷದಲ್ಲಿ ಬೇಕು. ಬೆಳಿಗ್ಗೆಯೇ ಹೋಗಿ ಮಧ್ಯಾಹ್ನ ಇಂತಿಷ್ಟು ಜನಕ್ಕೆ ಎಂದು ಹೇಳಿಟ್ಟರೆ ಚೆನ್ನಾಗಿ ಮಾಡಿಕೊಡುತ್ತಾರೆ. ತಂಗಿದ ಮನೆಯ ಅಡುಗೆಮನೆ ಇನ್ನೂ ಒಳ್ಳೆಯದು.

ಸ್ಕ್ಯೂ ಮಾಡುವ ಬಗೆ ನೋಡಲು ಅವಕಾಶ ಸಿಕ್ಕರೆ ಬಿಡಬೇಡಿ. ನಾಲ್ಕು ಜನಕ್ಕೆ ಕಾಲು ಕಿಲೋ ಗೋಧಿಹಿಟ್ಟು, ಚಿಟಿಕೆ ಉಪ್ಪು, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗುವಷ್ಟು ನೀರು. ಅರ್ಧ ಗಂಟೆ ಮುಚ್ಚಿಟ್ಟು, ಬೆರಳ ದಪ್ಪದ ಬತ್ತಿ ಹೊಸೆದು, ಉಗುರಿನಷ್ಟು ಚಿವುಟಿ, ಅಂಗೈ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ನಡುವೆ ಗುಳಿ ಬಿದ್ದ ಪುಟ್ಟ ಬಟ್ಟಲಾಗುತ್ತದೆ. ಆ ಗುಳಿ ಅಲಂಕಾರಕ್ಕಲ್ಲ. ನಡುವಿನ ದಪ್ಪ ಕಡಿಮೆಯಾಗಿ 88 ಡಿಗ್ರಿಯ ಸಾರಿನಲ್ಲೂ ಒಳಗಿನವರೆಗೆ ಬೇಯಲಿ, ಸಾರು ಅದರಲ್ಲಿ ನಿಲ್ಲಲಿ ಎಂಬ ಲೆಕ್ಕ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಟರ್ನಿಪ್ ಹುರಿದು, ಬೇಕೆನ್ನುವವರು ಕುರಿಮಾಂಸ ಸೇರಿಸಿ, ಒಂದೂವರೆ ಲೀಟರ್ ನೀರು ಹೊಯ್ದು ಕುದಿ ಬಂದ ಮೇಲೆ ಈ ಬಟ್ಟಲುಗಳನ್ನು ಹಾಕಬೇಕು. ಕುದಿ ಬರುವ ಮುಂಚೆ ಹಾಕಿದರೆ ಹಿಟ್ಟು ಕರಗಿ ಗಂಜಿಯಾಗುತ್ತದೆ, ಒಟ್ಟಿಗೇ ಸುರಿದರೆ ಮುದ್ದೆಗಟ್ಟುತ್ತದೆ. ಸಣ್ಣ ಉರಿಯಲ್ಲಿ ಮುಚ್ಚಿ ಇಪ್ಪತ್ತೈದು ಮೂವತ್ತು ನಿಮಿಷ. ಕೊನೆಗೆ ಒಣಗಿಸಿದ ಚೀಸ್ ಛುರ್ಪೆ ಇಲ್ಲವೇ ಒಂದಿಷ್ಟು ಹಾಲು. ಮಾಂಸ ಹಾಕುವುದಾದರೆ ಅದನ್ನು ಮೊದಲೇ ಕುಕ್ಕರಿನಲ್ಲಿ ಬೇಯಿಸಿರಬೇಕು. ಇಲ್ಲವಾದರೆ ಹಿಟ್ಟು ಬೆಂದು ಒಡೆದರೂ ಮಾಂಸ ರಬ್ಬರಿನಂತೆಯೇ ಇರುತ್ತದೆ.

ಚುತಾಗಿಯ ಅಡುಗೆ ಇದೇ ದಾರಿಯದು, ಆಕಾರ ಬೇರೆ. ಲಟ್ಟಿಸಿದ ಹಾಳೆಯಿಂದ ಬಿಲ್ಲೆ ಕತ್ತರಿಸಿ ಎರಡು ಬದಿ ಹಿಡಿದು ನಡುವೆ ಚಿವುಟಿ ಬಿಲ್ಲುಕಟ್ಟಿನಂತೆ ಮಾಡುತ್ತಾರೆ, ಸಾರು ತುಸು ತೆಳು. ಎರಡರಲ್ಲಿ ಒಂದನ್ನೇ ಆರಿಸಬೇಕಿದ್ದರೆ ಸ್ಕ್ಯೂ ಆರಿಸಿ. ಬೇರುತರಕಾರಿಯ ಸಿಹಿ ಅದರಲ್ಲಿ ಹೆಚ್ಚು ಇಳಿದಿರುತ್ತದೆ.

ಪಾಬಾ ಕನ್ನಡದವರಿಗೆ ಪರಿಚಯದ ಮುಖ. ಬಾರ್ಲಿ, ಬಟಾಣಿ, ಗೋಧಿಯ ಮಿಶ್ರಹಿಟ್ಟನ್ನು ಕುದಿಯುವ ನೀರಿಗೆ ಗುಡ್ಡೆಯಾಗಿ ಸುರಿದು, ಬೇಯಲು ಬಿಟ್ಟು, ಕೋಲಿನಿಂದ ತಿರುವಿ ಗಟ್ಟಿ ಮಾಡುತ್ತಾರೆ. ಕೈಚಳಕವೆಲ್ಲ ರಾಗಿಮುದ್ದೆಯದೇ. ಹಿಟ್ಟು ಮೊದಲೇ ಹುರಿದದ್ದಾದ್ದರಿಂದ ಕಡಿಮೆ ಶಾಖಕ್ಕೂ ಹಸಿವಾಸನೆ ಉಳಿಯುವುದಿಲ್ಲ. ಆದರೆ ಇದನ್ನು ನುಂಗುವಂತಿಲ್ಲ, ಬಟಾಣಿಯ ತರಿತರಿ ಇರುತ್ತದೆ, ಅಗಿದೇ ತಿನ್ನಬೇಕು. ಜೊತೆಗೆ ಟಂಗ್ತೂರ್: ಮಜ್ಜಿಗೆಗೆ ಬೆಂದ ಕಾಡುಸೊಪ್ಪು ಬೆರೆಸಿದ್ದು. ಪಾಬಾವನ್ನು ಮೂರನೇ ದಿನಕ್ಕೆ ತಳ್ಳಿದ್ದಕ್ಕೆ ಕಾರಣವಿದೆ. ಹೊರಗಿನ ಒತ್ತಡ ಕಡಿಮೆಯಾದರೆ ಹೊಟ್ಟೆಯೊಳಗಿನ ವಾಯುವೂ ಹಿಗ್ಗುತ್ತದೆ. ಅಂಗಡಿಯಲ್ಲಿ ನೇತುಹಾಕಿದ ಚಿಪ್ಸ್ ಪೊಟ್ಟಣಗಳು ಉಬ್ಬಿಕೊಂಡಿರುವುದೂ ಇದಕ್ಕೇ. ಬಂದ ದಿನವೇ ಬಟಾಣಿ ಹಿಟ್ಟು ತಿಂದು, ಹಂಚಿಕೊಂಡ ಕೋಣೆಯಲ್ಲಿ ಮಲಗುವುದು ಸ್ನೇಹಕ್ಕೆ ಒಳ್ಳೆಯದಲ್ಲ.

ಹುರಿದ ಬಾರ್ಲಿಹಿಟ್ಟು ನ್ಗಂಫೆ ಇಲ್ಲಿಯ ದಿಢೀರ್ ಊಟ. ಬಟ್ಟಲಲ್ಲಿ ಉಳಿದ ಗುರ್‌ಗುರ್ ಚಾಕ್ಕೆ ಎರಡು ಮುಷ್ಟಿ ಸುರಿದು ಬೆರಳಲ್ಲೇ ನಾದಿದರೆ ಕೋಲಕ್. ಬೆಣ್ಣೆ, ಸಕ್ಕರೆ ಸೇರಿಸಿ ಉಂಡೆ ಕಟ್ಟಿದರೆ ಫೇಮರ್. ಒಲೆಯೇ ಬೇಡ. ಗಟ್ಟಿ ಬಾಯಿಗೆ ಹಾಕಿಕೊಂಡರೆ ಗಂಟಲು ಕಟ್ಟುತ್ತದೆ, ಚಹಾ ಪಕ್ಕದಲ್ಲಿರಲಿ.

ಮಧ್ಯಾಹ್ನದ ಮೇಲೆ ಹಳೇ ಊರಿನ ಮಣ್ಣಿಟ್ಟಿಗೆಯ ಓಣಿಗಳಲ್ಲಿ ನಿಧಾನಕ್ಕೆ ಹತ್ತಬಹುದು. ಹಳೆಯ ಮನೆಯೊಂದನ್ನು ದುರಸ್ತಿ ಮಾಡಿ ನಡೆಸುತ್ತಿರುವ ಲಾಲಾಸ್ ಕೆಫೆ ಅಲ್ಲಿದೆ. ತಗ್ಗು ಬಾಗಿಲಿಗೆ ತಲೆ ಜೋಪಾನ. ಸಂಜೆ ಯಾರಾದರೂ ಛಾಂಗ್ ಕೊಟ್ಟರೆ, ಅದು ಬಾರ್ಲಿಯನ್ನು ಹುಳಿ ಬರಿಸಿದ ಮನೆಯ ಪೇಯ, ಅಮಲು ಕಡಿಮೆ. ತೊಂದರೆ ಅಮಲಿನಿಂದಲ್ಲ. ಸೋಸುವಾಗ ಬೆರೆಸುವ ನೀರು ಬಹಳ ಸಲ ಕುದಿಸದ್ದು, ಹೊಟ್ಟೆ ಕೆಡುವುದು ಅದರಿಂದ.

ನಾಲ್ಕನೇ ದಿನ: ಸಿಂಧೂ ಜೊತೆ ಆಲ್ಚಿಗೆ

ಲೇಹ್‌ನಿಂದ ಪಶ್ಚಿಮಕ್ಕೆ ಶ್ರೀನಗರದ ಹೆದ್ದಾರಿಯಲ್ಲಿ ಆಲ್ಚಿ 65ರಿಂದ 70 ಕಿ.ಮೀ. ಎತ್ತರ ಲೇಹ್‌ಗಿಂತ ನಾನೂರು ಮೀಟರಿನಷ್ಟು ಕಡಿಮೆ, ಆದ್ದರಿಂದ ದೇಹಕ್ಕೂ ರಜೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ 25 ಕಿ.ಮೀ. ದೂರದ ಪತ್ಥರ್ ಸಾಹಿಬ್ ಗುರುದ್ವಾರದಲ್ಲಿ ಬಿಸಿ ಚಹಾ ಸಿಗುತ್ತದೆ. ಸೈನಿಕರೇ ನೋಡಿಕೊಳ್ಳುವ ಜಾಗ, ತಲೆಗೆ ಬಟ್ಟೆ, ಬರಿಗಾಲು, ಲಂಗರಿನಲ್ಲಿ ಬಡಿಸಿದ್ದನ್ನು ಬಿಡದೆ ಉಣ್ಣುವುದು ಶಿಷ್ಟಾಚಾರ. ಕುಡಿದ ಲೋಟವನ್ನು ತೊಳೆದಿಟ್ಟು ಬನ್ನಿ. ಮುಂದೆ ನಿಮ್ಮೂ ಬಳಿ ಮಣ್ಣುಬಣ್ಣದ ಜಂಸ್ಕಾರ್ ನದಿ ಸಿಂಧೂವನ್ನು ಕೂಡುತ್ತದೆ. ಊರೊಳಗಿನ ಢಾಬಾಗಳಲ್ಲಿ ಆಲೂ ಪರಾಠಾ, ಮೊಸರು. ಲಾರಿಗಳು ನಿಂತಿರುವ ಢಾಬಾಕ್ಕೆ ಹೋಗಿ, ಅಲ್ಲಿ ಹಿಟ್ಟು, ಪಲ್ಯ ಹಳಸಲು ಬಿಡುವಿರುವುದಿಲ್ಲ.

ಆಲ್ಚಿ ವಿಹಾರದ ಭಿತ್ತಿಚಿತ್ರಗಳು ಸುಮಾರು ಎಂಟುನೂರು ವರ್ಷಕ್ಕೂ ಹಿಂದಿನವು. ಒಳಗೆ ಫೋಟೋ ತೆಗೆಯುವಂತಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಹಾಗಾಗಿ ಹನ್ನೊಂದರೊಳಗೆ ಮುಟ್ಟಿ, ಚಿತ್ರ ನೋಡಿ, ಬಾಗಿಲು ಹಾಕಿದ ಹೊತ್ತಿಗೆ ಉಣ್ಣಲು ಕೂರುವುದು ಸರಿಯಾದ ಲೆಕ್ಕ. ವಿಹಾರಕ್ಕೆ ಹೋಗುವ ದಾರಿಯಲ್ಲೇ ಆಲ್ಚಿ ಕಿಚನ್ ಇದೆ. ಇದನ್ನು ಕಟ್ಟಿದ ನಿಲ್ಜಾ ವಾಂಗ್ಮೋ ಅವರಿಗೆ 2019ನೇ ಸಾಲಿನ ನಾರೀ ಶಕ್ತಿ ಪುರಸ್ಕಾರ ಬಂದಿದೆ. ಒಲೆಯ ಸುತ್ತ ಲಡಾಖಿ ಅಡುಗೆಮನೆಯ ವಿನ್ಯಾಸ ಹಾಗೇ ಇಟ್ಟು, ಎದುರಿಗೇ ಮಾಡಿಕೊಡುವ ಜಾಗ. ಕೊನೆಯ ಪುಟದ ಎರಡು ಸಾಲಾಗಿದ್ದ ಅಡುಗೆ ಇಲ್ಲಿ ಇಡೀ ಮೆನು. ಜುಲೈ, ಆಗಸ್ಟಿನಲ್ಲಿ ಒಂದು ಗಂಟೆಗೆ ಹೋದರೆ ಕಾಯಬೇಕಾಗುತ್ತದೆ. ವಿಹಾರಕ್ಕೆ ಹೋಗುವ ಮುಂಚೆಯೇ ಹೇಳಿಟ್ಟು ಹೋಗಿ. ಚುತಾಗಿಯನ್ನು ಹೋಲಿಸಿ ನೋಡಲು ಇದು ಒಳ್ಳೆಯ ಜಾಗ.

ಈ ಕಣಿವೆ, ಅಂದರೆ ಶಾಮ್ ಪ್ರದೇಶ, ಜರದಾಳುವಿನ ಸೀಮೆ. ಸ್ಥಳೀಯರಿಗೆ ಅದು ಛುಲಿ. ಹಣ್ಣು ಮಾಗುವುದು ಜುಲೈ ಕೊನೆಯಿಂದ ಆಗಸ್ಟ್. ಮರದಡಿ ಬಿದ್ದ ಹಣ್ಣು ಪೇಟೆಗೆ ಬಂದದ್ದಕ್ಕಿಂತ ಎಷ್ಟೋ ಪಾಲು ಸಿಹಿ, ಆದರೆ ಹಿಸುಕಿದರೆ ನೀರಾಗುವಷ್ಟು ಮೆತ್ತಗಾದ್ದರಿಂದ ಅರ್ಧ ದಿನವೂ ತಡೆಯದು. ಅಲ್ಲೇ ತಿಂದು ಮುಗಿಸಬೇಕು, ನಾಲ್ಕೈದಕ್ಕೆ ನಿಲ್ಲಿಸಲೂಬೇಕು. ಬಿಳಿ ಬೀಜದ ರಕ್ತ್ಸೇ ಕರ್ಪೋ ತಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದರ ಬೀಜದ ತಿರುಳೂ ಬಾದಾಮಿಯಷ್ಟೇ ಸಿಹಿ. ಕಂದು ಬೀಜದ ಹಲವು ತಳಿಗಳ ತಿರುಳು ಕಹಿ. ಆ ಕಹಿಯಲ್ಲಿರುವ ಅಮಿಗ್ಡಲಿನ್ ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಒಂದನ್ನು ಕಡಿದು ಕಹಿ ಎನಿಸಿದರೆ ಉಗುಳಿ, ಆ ಚೀಲ ಕೊಳ್ಳಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ.

ಐದನೇ ದಿನ: ಖರ್ದುಂಗ್ ಲಾ, ಸಂಜೆ ಗ್ಯಾಕೋಕ್

ಲೇಹ್‌ನಿಂದ ಸುಮಾರು 40 ಕಿ.ಮೀ. ಏರಿದರೆ 5,359 ಮೀಟರ್ ಎತ್ತರದ ಕಣಿವೆದಾರಿ ಖರ್ದುಂಗ್ ಲಾ. ಅಲ್ಲಿ ಮ್ಯಾಗಿ ತಿಂದು ಫೋಟೋ ಹಾಕುವುದು ಈಗ ಸಂಪ್ರದಾಯವೇ ಆಗಿದೆ. ಆದರೆ ಆ ಎತ್ತರದಲ್ಲಿ ನೀರು ಕುದಿಯುವುದು 82 ಡಿಗ್ರಿಯ ಆಸುಪಾಸಿನಲ್ಲಿ. ಎರಡು ನಿಮಿಷದ ನೂಡಲ್ಸ್ ಅಲ್ಲಿ ಆರೇಳು ನಿಮಿಷ ಬೇಯುತ್ತದೆ, ಬಟ್ಟಲು ಕೈಗೆ ಬರುವಷ್ಟರಲ್ಲಿ ಗಾಳಿಗೆ ಉಗುರುಬೆಚ್ಚಗೆ. ಹೊತ್ತು ಕಳೆದಷ್ಟೂ ತಲೆ ಭಾರ. ಮೇಲೆ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲದೆ, ಫ್ಲಾಸ್ಕಿನಲ್ಲಿ ಒಯ್ದ ಬಿಸಿ ಚಹಾ, ಖಂಬೀರ್ ತುಂಡು ಮುಗಿಸಿ ಇಳಿಯುವುದು ಮೇಲು. ಹೊಟ್ಟೆ ಬಿರಿಯೆ ತಿಂದು ಹತ್ತಿದವರು ತಿರುವುಗಳಲ್ಲಿ ಕಾರು ನಿಲ್ಲಿಸುತ್ತಾರೆ.

ಸಂಜೆ ಲೇಹ್‌ನಲ್ಲಿ ಗ್ಯಾಕೋಕ್. ಇದು ನಡುವೆ ಕೆಂಡದ ಕೊಳವೆಯಿರುವ ಲೋಹದ ಪಾತ್ರೆ, ಸುತ್ತ ಸಾರು, ಅದರಲ್ಲಿ ನೂಡಲ್ಸ್, ತೋಫು, ಸೊಪ್ಪು, ಮಾಂಸ. ನಾಲ್ಕೈದು ಜನಕ್ಕೆ ಒಂದೇ ಪಾತ್ರೆ. ಫೋರ್ಟ್ ರೋಡಿನ ಟಿಬೆಟನ್ ಕಿಚನ್‌ನಂಥ ಕಡೆ ಸಿಗುತ್ತದೆ, ಹಿಂದಿನ ದಿನವೇ ಹೇಳಿಡಬೇಕು. ಕೆಂಡ ಉರಿಯುವ ಪಾತ್ರೆಯನ್ನು ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ ಇಟ್ಟುಕೊಂಡು ಕೂರುವುದು ಒಳ್ಳೆಯದಲ್ಲ, ಅಂಗಳದ ಮೇಜು ಕೇಳಿ. ಮಾಂಸ ಉಣ್ಣುವವರು ಗಮನಿಸಬೇಕಾದದ್ದು: ಮೇ, ಜೂನಿನಲ್ಲಿ ಬರುವ ಸಾಗಾ ದಾವಾ ತಿಂಗಳಲ್ಲಿ ಬೌದ್ಧರಲ್ಲಿ ಅನೇಕರು ಮಾಂಸ ಬಿಡುತ್ತಾರೆ. ಆಗ ಅದು ಸಿಗುವುದು ಕಡಿಮೆ, ಸಿಕ್ಕದ್ದು ಹೊಸತಿರುತ್ತದೆಂಬ ಖಾತ್ರಿಯೂ ಇಲ್ಲ. ಅಕ್ಟೋಬರ್ ಬಂತೆಂದರೆ ಪ್ರವಾಸಿಗಳನ್ನು ನಂಬಿದ ಬಹುತೇಕ ಉಪಾಹಾರಗೃಹಗಳು ಬಾಗಿಲೆಳೆಯುತ್ತವೆ, ಚಳಿಗಾಲದಲ್ಲಿ ಊಟ ತಂಗಿದ ಮನೆಯದೇ.

ಆರನೇ ದಿನ: ಚೀಲಕ್ಕೆ ಏನು ಹಾಕಬೇಕು

ವಾಪಸು ವಿಮಾನವೂ ಬೆಳಿಗ್ಗೆಯೇ, ಆದ್ದರಿಂದ ಕೊಳ್ಳುವುದೆಲ್ಲ ಹಿಂದಿನ ಸಂಜೆ ಮುಗಿದಿರಬೇಕು. ಮೇನ್ ಬಜಾರಿನ ಕಟ್ಟೆಯಂಚಿಗೆ ಸಾಲಾಗಿ ಕೂತ ಸುತ್ತಲ ಹಳ್ಳಿಗಳ ಹೆಂಗಸರ ಬುಟ್ಟಿಯಲ್ಲಿ ಒಣ ಜರದಾಳು, ಛುರ್ಪೆ, ನ್ಗಂಫೆ ಇರುತ್ತವೆ. ಬೀಜ ಸಮೇತ ಒಣಗಿಸಿದ್ದು ಫಟಿಂಗ್. ಬಣ್ಣ ಕಂದಿದ್ದರೆ ಹೆದರಬೇಡಿ, ಬಿಸಿಲಲ್ಲಿ ಹಾಗೇ ಒಣಗಿದ್ದು ಕಂದೇ ಇರುತ್ತದೆ. ಹೊಳೆಯುವ ಕಿತ್ತಳೆ ಬಣ್ಣದ್ದು ಗಂಧಕದ ಹೊಗೆ ಕಂಡದ್ದು. ಅಂಟಂಟಾಗಿ ಒಂದಕ್ಕೊಂದು ಕೂಡಿದ್ದರೆ ಸರಿಯಾಗಿ ಒಣಗಿಲ್ಲ, ತೇವದ ಊರಿಗೆ ಬಂದ ಮೇಲೆ ಬೂಷ್ಟು ಹಿಡಿಯುತ್ತದೆ. ಒಂದನ್ನು ಸೀಳಿ ಹುಳ ನೋಡಿ, ಆಮೇಲೆ ತೂಗಿಸಿ. ಮನೆಯಲ್ಲಿ ಗಾಜಿನ ಸೀಸೆಗೆ ಹಾಕಿ ಫ್ರಿಜ್ಜಿನಲ್ಲಿಡಬೇಕು. ತಿನ್ನುವ ಹಿಂದಿನ ರಾತ್ರಿ ನೆನೆಸಿಟ್ಟು, ಆ ನೀರನ್ನೂ ಕುಡಿಯಬಹುದು.

ಮುಳ್ಳುಪೊದೆಯ ಪುಟ್ಟ ಹಣ್ಣಾದ ಸೀಬಕ್‌ಥಾರ್ನ್‌ನ ಕಿತ್ತಳೆ ಬಣ್ಣದ ರಸ ಸಿಕ್ಕಾಪಟ್ಟೆ ಹುಳಿ. ಗಟ್ಟಿ ರಸವಾದರೆ ಒಂದಕ್ಕೆ ನಾಲ್ಕು ಪಾಲು ನೀರು, ಸಕ್ಕರೆ ಬೇಕೇ ಬೇಕು. ಬಾಟಲಿಯ ಮೇಲೆ ಸಕ್ಕರೆ ಸೇರಿಸಿದ್ದೋ ಅಲ್ಲವೋ ಓದಿ ಕೊಳ್ಳಿ. ಜರದಾಳು ಬೀಜದ ಎಣ್ಣೆಯಲ್ಲಿ ಅಡುಗೆಯದು, ಮೈಗೆ ಹಚ್ಚುವುದು ಎರಡು ಬಗೆ. ಕಹಿ ತಿರುಳಿನದು ಹಚ್ಚಲು ಮಾತ್ರ. ದ್ರವ ಎಲ್ಲವೂ ಕೈಚೀಲಕ್ಕಲ್ಲ, ಚೆಕ್‌ಇನ್‌ನಲ್ಲಿ ಒಪ್ಪಿಸುವ ಸಾಮಾನಿಗೆ. ಲೇಹ್‌ನಲ್ಲಿ ಗಾಳಿಯಿಟ್ಟು ಮುಚ್ಚಿದ ಪ್ಲಾಸ್ಟಿಕ್ ಬಾಟಲಿ ಕೆಳಗಿಳಿದ ಮೇಲೆ ಹೊರಗಿನ ಒತ್ತಡಕ್ಕೆ ಸೊಟ್ಟಗಾಗುತ್ತದೆ, ಎಣ್ಣೆಯನ್ನು ಕತ್ತಿನವರೆಗೆ ತುಂಬಿಸಿಕೊಂಡರೆ ಈ ತೊಂದರೆ ಕಡಿಮೆ. ಅಲ್ಲಿನ ಮನೆಗಳಲ್ಲೇ ತುಂಬಿ ಮುಚ್ಚಿದ ಜರದಾಳು ಜಾಮಿನ ಸೀಸೆಯ ಮುಚ್ಚಳವೂ ಒಳಕ್ಕೆ ಎಳೆದುಕೊಂಡು, ಎಷ್ಟು ತಿರುಗಿಸಿದರೂ ಬಾರದು. ಚಮಚದ ಹಿಡಿಯಿಂದ ಮುಚ್ಚಳದ ಅಂಚನ್ನು ಒಂದಿಷ್ಟು ಮೀಟಿ ಗಾಳಿ ಒಳಹೋಗಲು ಬಿಟ್ಟರೆ ತೆರೆದುಕೊಳ್ಳುತ್ತದೆ.